ಬಾಡಿಗೆ ಮನೆಯೇ ಬೇಕು

ಹೊಳೆನರಸೀಪುರದ ಅರ್ಧ ಮಕ್ಕಳನ್ನು ಈ ಲೋಕಕ್ಕೆ ಇಳಿಸಿಕೊಂಡವಳು ನರ್ಸ್ ಮಾದಮ್ಮ. ಬಾಗಿಲಲ್ಲಿ ಗಂಡಸೊಬ್ಬ ಬೆವರುತ್ತ ನಿಂತರೆ ಅವಳು ಕೇಳುವ ಪ್ರಶ್ನೆ ಒಂದೇ.

"ನೋವು ಯಾವಾಗ ಶುರುವಾಯ್ತು?" ಎಂದಳು, ಪೆಟ್ಟಿಗೆಗೆ ಸೀರೆ ತುಂಬುತ್ತ, ತಲೆ ಎತ್ತದೆ.

"ಮೂವತ್ತು ವರ್ಸ ಆಯ್ತು ಕಣಮ್ಮಿ."

ತಲೆ ಎತ್ತಿದಳು. ಚಲುವಯ್ಯ! ಕೂದಲು ನರೆತಿತ್ತು, ಕಣ್ಣಂಚಿನ ತುಂಟತನಕ್ಕೆ ಮಾತ್ರ ವಯಸ್ಸಾಗಿರಲಿಲ್ಲ. ಅವಳು ಹಾಸನದ ಆಸ್ಪತ್ರೆಯಲ್ಲಿ ಕೆಲಸ ಕಲಿಯುವಾಗ ಅವನು ಅಲ್ಲಿ ಡ್ರೆಸ್ಸರು. ರೋಗಿಯ ಕಾಲಿಗೆ ಪಟ್ಟಿ ಕಟ್ಟುತ್ತ ಕಣ್ಣು ಇವಳ ಮೇಲಿಟ್ಟು ಡಾಕ್ಟರ ಕೈಲಿ ಬೈಸಿಕೊಂಡವನು. ಇಬ್ಬರೂ ದಂಡಿಗನಹಳ್ಳಿಯ ಊರಾಚೆಯ ಕೇರಿಯಲ್ಲಿ ಹುಟ್ಟಿದವರು. ಮದುವೆಯಾಗುತ್ತೀಯಾ ಎಂದು ಬಾಯಿಬಿಟ್ಟು ಕೇಳುವ ಧೈರ್ಯವಿಲ್ಲದೆ, ಅವನು ಎರಡನೇ ಮಹಾಯುದ್ಧದ ಕಾಲದಲ್ಲಿ ಮಿಲಿಟರಿ ಆಸ್ಪತ್ರೆಯ ಜೊತೆ ಹಡಗು ಹತ್ತಿ, ಮಲಯದ ಪೆನಾಂಗಿನಲ್ಲೇ ಉಳಿದುಬಿಟ್ಟಿದ್ದ. ಅವನೂ ಮದುವೆಯಾಗಲಿಲ್ಲ, ಇವಳೂ ಆಗಲಿಲ್ಲ.

"ರಿಟೈರಾದೆ. ಅಲ್ಲೇ ಇದ್ಬುಡಾನ ಅಂತ," ಎಂದ. "ನಿಂದೂ ಮುಗೀತಂತೆ?"

"ಮುಗೀತು. ವಾರದೊಳಗೆ ಈ ಕ್ವಾರ್ಟರ್ಸ್ ಖಾಲಿ ಮಾಡ್ಬೇಕು."

"ಅಂಗಾದ್ರೆ ನನ್ ಜತೆ ಬಂದ್ಬುಡು, ಮದ್ವೆ ಆಗಾನ. ಸಮುದ್ರದ ಪಕ್ಕ ಒಂದು ಮನೆ ನೋಡಿವ್ನಿ. ನಿನ್ ಹೆಸ್ರಿಗೇ ಕೊಂಡ್ಬುಡ್ತೀನಿ."

ಅವಳ ಎದೆ ಹದಿನೆಂಟರ ಹುಡುಗಿಯ ಎದೆಯಂತೆ ಹಾರಿತು. ಬಾಯಿ ಮಾತ್ರ ಬೇರೆಯೇ ಕೇಳಿತು.

"ಅಲ್ಲಿ ಬಾಡ್ಗೆಗೆ ಮನೆ ಸಿಕ್ಕಲ್ವಾ?"

ಚಲುವಯ್ಯನ ಮುಖ ಸಣ್ಣದಾಯಿತು. "ಬಾಡ್ಗೆ ಆದ್ರೆ ನನ್ನ ಬುಟ್ಟೋಗೋದು ಸಲೀಸು, ಅಂಗಾ?"

"ಪೆದ್ದಯ್ಯ," ಎಂದಳು ಮಾದಮ್ಮ. "ನಡಿ, ಪ್ಯಾಟೆ ಬೀದಿಗೆ ಓಗ್ಬರಾವ."

ಜವಳಿ ವ್ಯಾಪಾರಿ ಗಂಗಾಧರಯ್ಯ ಜಗಲಿಯ ಮೇಲೆ ಕೂತಿದ್ದರು. ಪಕ್ಕದಲ್ಲಿದ್ದ ಅವರದೇ ಮನೆಗೆ ಬೀಗ, ಬೀಗದ ಮೇಲೆ 'ಬಾಡಿಗೆಗೆ ಇದೆ' ಎಂಬ ಬೋರ್ಡು. ಅವರ ಮೊಮ್ಮಕ್ಕಳೆಲ್ಲ ಮಾದಮ್ಮನ ಕೈಯಲ್ಲೇ ಹುಟ್ಟಿದವರು. ಪ್ರತಿ ಸಲವೂ ಅವಳನ್ನು ಹಿತ್ತಿಲ ಬಾಗಿಲಿಂದ ಕರೆದುಕೊಂಡು, ಹಿತ್ತಿಲ ಬಾಗಿಲಿಂದಲೇ ಕಳಿಸಿದ್ದರು.

"ಆ ಮನೆ ನಂಗೆ ಕೊಡ್ತೀರಾ ಯಜಮಾನ್ರೇ?"

"ಅಯ್ಯೋ ನರ್ಸಮ್ಮ, ನೀವು ಕೇಳೋದು ಹೆಚ್ಚಾ, ನಾನು ಕೊಡೋದು ಹೆಚ್ಚಾ? ಆದ್ರೆ ನಿನ್ನೆ ತಾನೇ ಬೇರೆಯವ್ರಿಗೆ ಮಾತು ಕೊಟ್ಬಿಟ್ಟೆ."

"ಹೋದ್ ವರ್ಷ ಕೇಳ್ದಾಗ್ಲೂ ನಿನ್ನೇನೇ ಕೊಟ್ಟಿದ್ರಿ. ಬೋರ್ಡಾದ್ರೂ ತೆಗೀರಿ."

ಗಂಗಾಧರಯ್ಯ ಎಲೆಯಡಿಕೆ ತಟ್ಟೆಯಲ್ಲಿ ಏನನ್ನೋ ಹುಡುಕತೊಡಗಿದರು.

ಮಾದಮ್ಮ ಬೀದಿಗಿಳಿದು ಚಲುವಯ್ಯನ ಕಡೆ ತಿರುಗಿದಳು. ಸಿಟ್ಟಿಗೆ ಅವಳ ಮೂಗಿನ ತುದಿ ಕೆಂಪಾಗಿತ್ತು. ಅದು ಎಷ್ಟು ಚೆಂದ ಎನ್ನುವುದು ಚಲುವಯ್ಯನಿಗೆ ಈ ಹೊತ್ತಿನಲ್ಲೂ ಮರೆತುಹೋಗಲಿಲ್ಲ.

"ಬಾಡ್ಗೆ ಕೇಳಕೋದ್ರೆ ಅರ್ಕಲಗೂಡಲ್ಲೂ ಇದೇಯ, ಚನ್ನರಾಯಪಟ್ಟಣದಲ್ಲೂ ಇದೇಯ. ಕೊಂಡ್ಕೊಂಡ್ರೆ ದುಡ್ಡು ನಮ್ಮನ್ನ ಒಳಕ್ಕೆ ಬುಟ್ಕೊತದೆ ಕಣಯ್ಯ. ಬಾಡ್ಗೆ ಅಂದ್ರೆ ಮನುಸ್ಯ ಬುಟ್ಕೋಬೇಕು. ಇನ್ನೊಬ್ಬರ ಮನೆ ಮುಂಬಾಗ್ಲಲ್ಲಿ ನಿಂತ್ಕೊಂಡು, ಅವ್ರೇ ಬೀಗ ತೆಗ್ದು 'ಬಾರಮ್ಮ' ಅನ್ನೋದ ನಾನು ಒಂದ್ಸಲ ಕೇಳ್ಬೇಕು. ನಿನ್ನ ಬುಟ್ಟೋಗಕಲ್ಲ."

ಚಲುವಯ್ಯ ಬೀಗದ ಮೇಲಿನ ಆ ಬೋರ್ಡನ್ನು ಇನ್ನೊಮ್ಮೆ ಓದಿದ.

"ಪೆನಾಂಗಲ್ಲಿ ನಾನಿರೋ ಬೀದೀಲಿ ಒಬ್ಬ ಚೀನದ ಅಮ್ಮಯ್ಯ ಅವ್ಳೆ," ಎಂದ. "ಅವಳ ಮಾಳಿಗೆ ಮನೆ ಖಾಲಿ ಐತೆ. ಯಾವ ಜನ ಅಂತ ಕೇಳಾಕಿಲ್ಲ. ಗಂಡ ಹೆಂಡ್ತೀರಾ ಅಂತ ಮಾತ್ರ ಕೇಳ್ತಾಳೆ."

"ಏನಂತ ಹೇಳ್ತೀಯ?"

"ನೀನು ಒಪ್ಪಿದ್ರೆ, ಹೂಂ ಅಂತ."

ನಡುಬೀದಿ. ಅಂಗಡಿಗಳಲ್ಲಿ ಜನ. ಜಗಲಿಯಿಂದ ಗಂಗಾಧರಯ್ಯ ಕತ್ತು ನೀಡಿ ನೋಡುತ್ತಿದ್ದರು. ಮಾದಮ್ಮ ಕೈಚಾಚಿ ಅವನ ಕೈ ಹಿಡಿದಳು.

"ಅಲ್ಲಿಗಂಟ ಯಾಕೆ ಕಾಯ್ಬೇಕು? ಇಲ್ಲೇ ಹೇಳು. ಇವ್ರೂ ಕೇಳ್ಲಿ."

ಮೂವತ್ತು ವರ್ಷ ಬಾಯಿಬಿಡದ ಚಲುವಯ್ಯ, ಬೀದಿಯ ಈ ತುದಿಯಿಂದ ಆ ತುದಿಗೆ ಕೇಳುವಂತೆ ಹೇಳಿದ:

"ಹೂಂ. ಇವಳು ನನ್ನ ಹೆಂಡ್ತಿ."