ಇನ್ನೂ ಸ್ವಲ್ಪ ದಪ್ಪ

"ಬೇಡ ರೀ! ಬೇಡ! ಏನೇ ಕಷ್ಟ ಇದ್ರೂ ಕೂತು ಮಾತಾಡೋಣ!"

ನಾನು ಅವನಿಗೆ ಹೇಳಿದ ಮೊದಲ ಮಾತು ಇದು. ಹೇಳಿದ್ದಲ್ಲ, ಕಿರುಚಿದ್ದು.

ಮರದ ಕೆಲಸದ ಅಂಗಡಿಗೆ ಕಾಲಿಟ್ಟವಳಿಗೆ ಕಂಡದ್ದು ಇಷ್ಟು: ಒಬ್ಬ ಗಂಡಸು, ಅವನ ಕೈಗಳಲ್ಲಿ ಎರಡು ಹಿಡಿಯ ಉದ್ದನೆಯ ಬಾಗುಗತ್ತಿ, ಅದರ ಅಲಗು ಅವನ ಎದೆಯ ಕಡೆಗೆ. ಹಲ್ಲು ಕಚ್ಚಿ ಅದನ್ನು ತನ್ನತ್ತಲೇ ಎಳೆದುಕೊಳ್ಳುತ್ತಿದ್ದಾನೆ. ನಡುವೆ ಒಂದು ಮರದ ತುಂಡು ಇತ್ತೆನ್ನುವುದು ಕಂಡದ್ದು ಕಿರುಚಿದ ಮೇಲೆ. ನನಗೆ ಯಾವತ್ತೂ ಹಾಗೇ, ಅಪಾಯ ಮೊದಲು ಕಾಣುತ್ತದೆ, ವಸ್ತು ಆಮೇಲೆ.

ಅವನು ಕತ್ತಿ ನಿಲ್ಲಿಸಿ ಕತ್ತೆತ್ತಿದ. ತಲೆಗೂದಲ ತುಂಬ ಮರದ ಸುರುಳಿಗಳು.

"ಏನೋ ಅದು ಗಲಾಟೆ?" ಒಳಗಿನಿಂದ ಹೆಂಗಸಿನ ದನಿ ಬಂತು.

"ಏನಿಲ್ಲ ಅಕ್ಕಾ. ಯಾರೋ ನನ್ನ ಜೀವ ಉಳಿಸ್ತಿದ್ದಾರೆ."

ಭೂಮಿ ಬಾಯಿ ಬಿಡಲಿಲ್ಲ. ಬಿಟ್ಟಿದ್ದರೆ ನಾನು ಇಳಿದುಹೋಗಲು ತಯಾರಿದ್ದೆ.

"ಹೆದರ್ಬೇಡಿ," ಎಂದ. "ಮೊಣಕೈ ಪಕ್ಕೆಗೆ ತಾಗಿದ ಕೂಡಲೇ ಕತ್ತಿ ತಾನಾಗೇ ನಿಲ್ಲುತ್ತೆ. ಬೇಕಂತ ಎಳೆದ್ರೂ ಎದೆ ಮುಟ್ಟಲ್ಲ. ನೋಡಿ." ಮತ್ತೆ ಎಳೆದು ತೋರಿಸಿದ. ನಾನು ಕಣ್ಣು ಮುಚ್ಚಿಕೊಂಡೆ. ಒಂದು ಕಣ್ಣು ಮಾತ್ರ.

ಬಂದ ಕೆಲಸ ಹೇಳಿದೆ. ನನ್ನನ್ನು ಸಾಕಿದ ಚಿಕ್ಕಮ್ಮನ ಗುದ್ದಲಿಯ ಕಾವು ಮುರಿದಿತ್ತು, ಹೊಸದು ಬೇಕಿತ್ತು. ಅವನು ಒಂದು ಒರಟು ಕೋಲು ಆರಿಸಿ, ಕುದುರೆಯಂಥ ಒಂದು ಬೆಂಚಿನ ಮೇಲೆ ಕುಳಿತು, ಕೆಳಗಿನ ಹಲಗೆಯನ್ನು ಪಾದದಿಂದ ಒತ್ತಿದ. ಮೇಲಿನ ದಿಮ್ಮಿ ಬಾಗಿ ಕೋಲನ್ನು ಕಚ್ಚಿ ಹಿಡಿಯಿತು. ಕತ್ತಿ ಸರ್ರನೆ ಬಂತು. ಮರ ರಿಬ್ಬನ್ನಿನಂತೆ ಸುತ್ತಿಕೊಂಡು ಅವನ ಮಡಿಲಿಗೆ ಬಿತ್ತು.

"ಹಿಡಿದು ನೋಡಿ. ಕೈಗೆ ತಕ್ಕ ಹಾಗೆ ಹೆರೀಬೇಕು."

ಕೋಲನ್ನು ನನ್ನ ಕೈಗಿಟ್ಟ. ಹಿಡಿದೆ. ನನ್ನ ಹೆಬ್ಬೆರಳಿಗೂ ಮಿಕ್ಕ ಬೆರಳುಗಳಿಗೂ ನಡುವೆ ಉಳಿದ ಜಾಗವನ್ನು ಅವನು ಬಗ್ಗಿ ನೋಡಿದ. ಅವನ ಉಸಿರು ನನ್ನ ಮಣಿಕಟ್ಟಿಗೆ ತಾಗಿತು. ಕಾವು ಚೆನ್ನಾಗೇ ಇತ್ತು.

"ಇನ್ನೂ ಸ್ವಲ್ಪ ದಪ್ಪ," ಎಂದೆ.

"ಹೌದಾ?" ಕೋಲನ್ನು ನೋಡಿದ, ನನ್ನನ್ನು ನೋಡಿದ. "ಹೌದೌದು, ದಪ್ಪ. ಆದ್ರೆ ಮರ ಹಸಿ. ಆರಬೇಕು. ಮುಂದಿನ ಶನಿವಾರ ಬನ್ನಿ."

ಮುಂದಿನ ಶನಿವಾರವೂ ದಪ್ಪವೇ ಇತ್ತು. ಅದರ ಮುಂದಿನ ಶನಿವಾರವೂ. ಪ್ರತಿ ಸಲ ನಾನು ಹಿಡಿಯುವುದು, ಅವನು ಬಗ್ಗಿ ನೋಡುವುದು, ನಾನು ತಲೆಯಾಡಿಸುವುದು, ಅವನು ತೀರಾ ಗಂಭೀರವಾಗಿ ಒಂದೆರಡು ಎಳೆತ ಎಳೆಯುವುದು. ನಡುನಡುವೆ ಮಾತು. ಅವನನ್ನು ಎಲ್ಲರೂ ಸುರುಳಿ ಎಂದೇ ಕರೆಯುತ್ತಾರಂತೆ, ಗ್ಯಾಸ್ ಬಿಲ್ಲಿನವನು ಕೂಡ. ಲೈಬ್ರರಿ ಕೆಲಸದಲ್ಲಿ ದಿನವಿಡೀ ಸುಮ್ಮನಿದ್ದು ನನಗೆ ಬೇಜಾರಾಗುವುದಿಲ್ಲವೇ ಎಂದು ಕೇಳಿದ. ಇಲ್ಲ, ಸುಮ್ಮನಿರುವುದೊಂದೇ ನನಗೆ ಚೆನ್ನಾಗಿ ಬರುವುದು ಎಂದೆ. "ಮೊದಲನೇ ದಿನ ಹಾಗನ್ನಿಸಲಿಲ್ಲ," ಎಂದು ಅವನು ನಕ್ಕ. ನಕ್ಕಾಗ ಎಡಗೆನ್ನೆ ಮೊದಲು ನಗುತ್ತದೆ, ಬಲಗೆನ್ನೆ ಯೋಚಿಸಿ ಆಮೇಲೆ ಸೇರಿಕೊಳ್ಳುತ್ತದೆ. ಇದನ್ನೆಲ್ಲ ನಾನು ಗಮನಿಸುವುದು ಬೇಕಿರಲಿಲ್ಲ.

ಇತ್ತ ಮನೆಯಲ್ಲಿ ಚಿಕ್ಕಮ್ಮ ಹಿತ್ತಿಲನ್ನು ಸೌಟಿನಿಂದ ಅಗೆಯುತ್ತಿದ್ದಳು.

"ಒಂದು ಕಾವು ಮಾಡೋಕೆ ಇಷ್ಟು ದಿನಾನಾ? ಅವನೇನು ಮರ ನೆಟ್ಟು ಬೆಳೆಸ್ತಿದ್ದಾನಾ?"

"ಹದಕ್ಕೆ ಬರ್ಬೇಕಂತೆ ಚಿಕ್ಕಮ್ಮ."

"ಯಾವುದು ಹದಕ್ಕೆ ಬರ್ಬೇಕೋ ನಂಗೆ ಗೊತ್ತು ಕಣೇ. ಕೇಳು, ಈ ಶನಿವಾರ ಬರಿಗೈಲಿ ಬಂದ್ಯೋ, ನಾನೇ ಹೋಗಿ ಕಬ್ಬಿಣದ ಪೈಪ್ ಹಾಕಿಸ್ಕೊಂಡು ಬರ್ತೀನಿ. ಆ ಅಂಗಡಿ ಕಡೆ ಇನ್ನು ತಲೆ ಹಾಕೋ ಕೆಲಸ ಇಲ್ಲ ನಿಂಗೆ."

ಪೈಪ್ ಬಂದರೆ ನನಗೆ ಆ ಅಂಗಡಿಗೆ ಹೋಗಲು ನೆಪವಿಲ್ಲ. ನೆಪವಿಲ್ಲದೆ ಎಲ್ಲಿಗೂ ಹೋದವಳಲ್ಲ ನಾನು. ಶನಿವಾರ ದಾರಿಯುದ್ದಕ್ಕೂ ಒಂದು ವಾಕ್ಯ ಕಟ್ಟುತ್ತ, ಕೆಡವುತ್ತ ನಡೆದೆ. ಅಂಗಡಿ ಬಂದಾಗ ಕೈಯಲ್ಲಿ ಉಳಿದದ್ದು "ನಮಸ್ಕಾರ" ಒಂದೇ.

ಕುದುರೆ ಬೆಂಚಿನ ಮೇಲೆ ಕಾವು ಇತ್ತು. ಅದನ್ನು ಕಾವು ಎನ್ನಲು ಈಗ ಧೈರ್ಯ ಬೇಕು. ಪೆನ್ಸಿಲಿಗಿಂತ ತುಸು ದಪ್ಪ, ಅಷ್ಟೇ. ಅವನು ಕಾಲೊತ್ತಿ ಕುಳಿತಿದ್ದ, ಕತ್ತಿ ಮಾತ್ರ ಗಾಳಿಯಲ್ಲೇ ನಿಂತಿತ್ತು.

"ಇನ್ನೊಂದು ಎಳೆತಕ್ಕೆ ಮುರಿದುಹೋಗುತ್ತೆ ರೀ," ಎಂದ ಮೆಲ್ಲಗೆ. "ಹೇಗಿದೆ?"

"ಇನ್ನೂ ಸ್ವಲ್ಪ ದಪ್ಪ," ಎಂದಿತು ನನ್ನ ಬಾಯಿ. ಅಭ್ಯಾಸಬಲ.

ಅವನು ಕತ್ತಿಯನ್ನು ಗೋಡೆಯ ಮೊಳೆಗೆ ತಗುಲಿಹಾಕಿದ. "ಮೊದಲನೇ ದಿನವೇ ಇದು ಸರಿಯಾಗಿತ್ತು."

"ಗೊತ್ತು."

"ನಿಮಗೂ ಗೊತ್ತಾ?"

"ಗೊತ್ತಿದ್ದೂ ನೀವ್ಯಾಕೆ ಹೆರೆದ್ರಿ?"

"ನೀವು ದಪ್ಪ ಅಂದ್ರಲ್ಲ! ನಾನು ಇಲ್ಲ, ಸರಿಯಾಗಿದೆ ಅಂದಿದ್ರೆ ತಗೊಂಡು ಹೊರಟುಬಿಡ್ತಿದ್ರಿ." ಹೇಳಿಬಿಟ್ಟು ಅವನ ಕಿವಿ ಕೆಂಪಾಯಿತು. "ಅಲ್ಲ, ಗುದ್ದಲಿ ಚಿಕ್ಕಮ್ಮಂದು. ಅಳತೆ ಮಾತ್ರ ನಿಮ್ಮ ಕೈಯದು. ಅಗೆಯೋದು ಯಾರು ಅಂತಲೂ ನಾನು ಕೇಳಲಿಲ್ಲ."

ಒಳಗಡೆ ಪಾತ್ರೆಯ ಸದ್ದು ನಿಂತಿತು. ಅವನ ಅಕ್ಕ ಉಸಿರು ಬಿಗಿಹಿಡಿದದ್ದು ನನಗೆ ಗೋಡೆಯಾಚೆಯಿಂದ ಕೇಳಿಸಿತು.

ನಾನು ಹುಡುಕಿಟ್ಟಿದ್ದ ಒಳ್ಳೊಳ್ಳೆಯ ಪದಗಳಲ್ಲಿ ಒಂದೂ ಆ ಹೊತ್ತಿಗೆ ಬರಲಿಲ್ಲ. ಆದರೂ ಬಾಯಿ ತೆರೆದೆ.

"ಹೆರೆಯೋಕೆ ಏನೂ ಇಲ್ಲದೆ ಹೋದ್ರೂ... ನಾನು ಬರಬಹುದಾ?"

ಅವನು ಥಟ್ಟನೆ ಎದ್ದ. ಎದ್ದವನು ಹಾಗೇ ವಾಲಿ, ಬೀಳುವಂತಾಗಿ, ನನ್ನ ಭುಜ ಹಿಡಿದುಕೊಂಡ.

"ಅಯ್ಯೋ! ಏನಾಯ್ತು? ಎದೆನೋವಾ?"

"ಕಾಲು... ಜೋಮು," ಎಂದ ಮುಖ ಹಿಂಡಿಕೊಂಡು. "ನೀವು ಬರೋ ಮುಂಚೆಯಿಂದ ಒತ್ತಿಕೊಂಡೇ ಕೂತಿದ್ದೆ. ಏನು ಹೇಳೋದು ಅಂತ ಯೋಚನೆ ಮಾಡ್ತಾ."

"ಏನು ಹೇಳೋಣ ಅಂತಿದ್ರಿ?"

"ಬನ್ನಿ ಅಂತ. ದಿನಾ ಬನ್ನಿ ಅಂತ. ಬೇಡ, ನಾನೇ ನಿಮ್ಮನೆಗೆ ಬರ್ತೀನಿ, ಚಿಕ್ಕಮ್ಮನ ಕೈ ಅಳತೆ ತಗೊಳ್ತೀನಿ. ಆಮೇಲೆ ಅವರ ಹತ್ರ ಇನ್ನೊಂದು ವಿಷಯ ಕೇಳ್ತೀನಿ."

"ಅವಳು ಬೈತಾಳೆ."

"ಬೈಲಿ. ಕಾವು ಕೊಟ್ಟ ಮೇಲೆ ಕೇಳಿದ್ರೆ ಅದರಲ್ಲೇ ಹೊಡೀಬಹುದು. ಕೊಡೋಕೆ ಮುಂಚೇನೇ ಕೇಳ್ತೀನಿ."

ನನಗೆ ನಗು ತಡೆಯಲಾಗಲಿಲ್ಲ. ಅವನ ಎಡಗೆನ್ನೆಯೂ ಬಲಗೆನ್ನೆಯೂ ಒಟ್ಟಿಗೇ ನಕ್ಕವು. ಕೈ ಇನ್ನೂ ನನ್ನ ಭುಜದ ಮೇಲಿತ್ತು.

"ಜೋಮು ಬಿಡ್ತಾ?" ಎಂದೆ ಸ್ವಲ್ಪ ಹೊತ್ತಾದ ಮೇಲೆ.

"ಇಲ್ಲ ರೀ. ಇನ್ನೂ ಇದೆ."

ಅಕ್ಕ ಬಾಗಿಲಲ್ಲಿ ಬಂದು ನಿಂತಳು. ತಮ್ಮನ ಕಾಲು ನೋಡಿದಳು, ಕೈ ನೋಡಿದಳು. "ಆ ಜೋಮು ಇವತ್ತು ಬಿಡಲ್ಲ ಕಣಮ್ಮ. ನೀನೂ ಹಾಗೇ ನಿಂತಿರು, ಟೀ ಅಲ್ಲಿಗೇ ತರ್ತೀನಿ."

ಅವನು ಎರಡೂ ಕಾಲಿನ ಮೇಲೆ ಕಂಬದ ಹಾಗೆ ಗಟ್ಟಿಯಾಗಿ ನಿಂತಿದ್ದ. ನಾನು ನೋಡಿದೆ. ನೋಡಿಯೂ, ಅವನು ಬೀಳದ ಹಾಗೆ ಇನ್ನಷ್ಟು ಹತ್ತಿರ ಸರಿದು ನಿಂತೆ.