ಚರ್ಚಿನ ಮೆಟ್ಟಿಲ ಮೇಲಿನ ಚಪ್ಪಲಿ

2014ರ ಆಗಸ್ಟಿನ ಮಾತು, ಕ್ರಾಸ್‌ರೋಡ್ಸ್‌ ಬಡಾವಣೆಯ ನಮ್ಮ ಮನೆಯಲ್ಲೇ ನಡೆದದ್ದು. ಗೋಡೆಯ ಮೇಲೆ ಇಂಗ್ಲೆಂಡಿನ ಹಳ್ಳಿಯೊಂದರ 1932ರ ಕಪ್ಪು-ಬಿಳುಪು ಫೋಟೊ ಇತ್ತು: ಹುಲ್ಲುಮಾಡಿನ ಮನೆಗಳು, ಬಾತುಕೋಳಿಗಳ ಕೊಳ, ಕಲ್ಲಿನ ಚರ್ಚು. ಮೈಸೂರಿನಿಂದ ಬಂದಿದ್ದ ನಮ್ಮತ್ತೆ ಭಾನುಮತಿ ದಿನವಿಡೀ ಅದನ್ನೇ ನೋಡುತ್ತ ಕೂರುತ್ತಿದ್ದರು.

ಒಂದು ಸಂಜೆ ಆಫೀಸಿನಿಂದ ಬಂದರೆ ಅವರ ಪಾದಕ್ಕೆಲ್ಲ ಒದ್ದೆ ಹುಲ್ಲು ಅಂಟಿತ್ತು. ಹೊರಗೆ ತಿಂಗಳಿಂದ ಮಳೆಯಿರಲಿಲ್ಲ.

"ಎಲ್ಲಿಗೆ ಹೋಗಿದ್ರಿ ಅತ್ತೆ?"

"ಇಲ್ಲೇ, ಆ ಹಳ್ಳಿಗೆ. ಮೂಲೆ ಮನೆ ಈಗ ಟೀ ಅಂಗಡಿ ಆಗಿದೆ ಕಣೇ, ಚೆನ್ನಾಗಿದೆ. ಚರ್ಚಿಗೂ ಹೋಗಿದ್ದೆ. ಚಪ್ಪಲಿ ಹೊರಗೆ ಬಿಟ್ಟವಳು ಹಾಕ್ಕೊಳೋದೇ ಮರೆತೆ."

ವಯಸ್ಸಾಯಿತು ಎಂದುಕೊಂಡು ನಕ್ಕೆ. ಮನೆಯೆಲ್ಲ ಹುಡುಕಿದರೂ ಅವರ ಹವಾಯಿ ಚಪ್ಪಲಿ ಸಿಗಲಿಲ್ಲ. ಕಿತ್ತ ಬಾರಿಗೆ ಹಿಂದಿನ ದಿನವಷ್ಟೇ ನಾನೇ ಪಿನ್ನು ಹಾಕಿಕೊಟ್ಟಿದ್ದೆ.

ಆಮೇಲೆ ಫೋಟೊದ ಹತ್ತಿರ ಹೋದೆ. ಚರ್ಚಿನ ಮೆಟ್ಟಿಲ ಮೇಲೆ ಒಂದು ಜೊತೆ ಚಪ್ಪಲಿ. ಬಲಗಾಲಿನದಕ್ಕೆ ಪಿನ್ನು.