ಗುಡ್ಡ ಮಾರಿದ್ದು, ನೀರು ಮಾರಿದ್ದಲ್ಲ

"ಲಾರಿ ಹಿಂದೆ ತೆಗೀರಿ. ಇಲ್ಲದಿದ್ರೆ ನನ್ನ ಮೇಲೆಯೇ ಹತ್ತಿಸಿ."

ಬೋರ್‌ವೆಲ್ ಲಾರಿಗೆ ಅಡ್ಡ ನಿಂತವಳು ಸೌದಾಮಿನಿ, ಕೆಳಗಿನ ಮನೆಯ ಸುಬ್ಬರಾಯರ ಮಗಳು. ಗಲ್ಫಿನಿಂದ ಮರಳಿ ಗುಡ್ಡದ ಮೇಲೆ ಬೋರ್ ಕೊರೆಸಲು ಹೊರಟ ಪ್ರವೀತ್‌ನ ಜೊತೆ ಅವಳ ಮೊದಲ ಮಾತೇ ಇದು!

"ಗುಡ್ಡ ನಮ್ಮದು. ನಿಮ್ಮ ಅಜ್ಜನೇ ಮಾರಿದ್ದಲ್ವಾ?"

"ಗುಡ್ಡ ಮಾರಿದ್ದು. ನೀರು ಮಾರಿದ್ದಲ್ಲ."

ಎಡವಟ್ಟಾದದ್ದೇ ಅಲ್ಲಿ. ಗುಡ್ಡದೊಳಗೆ ಅಡ್ಡಲಾಗಿ ಕೊರೆದ ಸುರಂಗದಿಂದ ಹರಿಯುವ ನೀರೇ ಅವಳ ಮನೆಗೆ ಗತಿ. ಅಜ್ಜ ಕ್ರಯಪತ್ರದಲ್ಲಿ ಮರ, ಬೇಲಿ ಎಲ್ಲ ಬರೆಸಿ ಸುರಂಗವನ್ನೇ ಮರೆತಿದ್ದರು. ಈಗ ಅದರ ಬಾಯಿ ಅವಳ ಜಾಗದಲ್ಲಿ, ಹೊಟ್ಟೆ ಪ್ರವೀತ್‌ನ ಜಾಗದಲ್ಲಿ. ಮೇಲೆ ಬೋರ್ ಇಳಿದರೆ ಕೆಳಗೆ ಸುರಂಗ ಬತ್ತುತ್ತದೆ.

"ನನ್ನಮ್ಮ ದಿನಾ ರಸ್ತೆಯ ನಳ್ಳಿಯಿಂದ ಕೊಡ ಹೊರ್ತಾರೆ. ಒಂದು ಪೈಪು ಕೊಡಿ ಅಂತ ನಿಮ್ಮಪ್ಪನ ಹತ್ರ ಎರಡು ಸಲ ಕೇಳಿದೆ. ಅಂಗಳದಿಂದಲೇ ಕಳಿಸಿದ್ರು."

ಅಪ್ಪ ಇದನ್ನು ಸೌದಾಮಿನಿಗೆ ಹೇಳಿರಲೇ ಇಲ್ಲ... ಅವನ ದನಿಯ ನೋವು ಅವಳಿಗೆ ಚುಚ್ಚಿತು. ಆದರೂ ಕದಲಲಿಲ್ಲ. ಲಾರಿ ಹಿಂದೆ ತಿರುಗಿ ಎಡನೀರು ಊರಿನ ದಾರಿ ಹಿಡಿಯಿತು.

ಮರುದಿನ ಬೆಳಗ್ಗೆ ಸುರಂಗದಲ್ಲಿ ಹನಿ ನೀರಿಲ್ಲ.

'ಸೇಡು ತೀರಿಸಿಯೇಬಿಟ್ಟ!'

ಗುಡ್ಡ ಹತ್ತಿ, ಅವನ ತಾಯಿ ಕಿನ್ನಿಯಕ್ಕನ ಎದುರೇ ಅವನಿಗೆ ಬಾಯಿಗೆ ಬಂದಂತೆ ಬೈದಳು. ಪ್ರವೀತ್ ಹಾರೆ, ಮೇಣದ ಬತ್ತಿ ಹಿಡಿದು ಇಳಿದುಬಂದು ಸುರಂಗಕ್ಕೆ ನುಗ್ಗಿದ.

ಒಳಗೆ ಬತ್ತಿ ಆರಿದರೆ ಉಸಿರಾಡಲು ಗಾಳಿ ಇಲ್ಲವೆಂದು ಅರ್ಥ. ಸೌದಾಮಿನಿ ಹೊರಗೆ ನಿಂತು ಆ ಬೆಳಕನ್ನೇ ನೋಡುತ್ತಿದ್ದಳು.

ಬೆಳಕು ಆರಿತು.

"ಹೊರಗೆ ಬನ್ನಿ! ನೀರು ಹಾಳಾಗಿ ಹೋಗ್ಲಿ... ನೀವು ಬನ್ನಿ!"

ಉತ್ತರವಿಲ್ಲ. ಮತ್ತೆ ಕೂಗಿದಳು, ಅಳುತ್ತಲೇ ಒಳಗೆ ಕಾಲಿಟ್ಟಳು. ಕೆಂಪು ನೀರು ಪಾದಕ್ಕೆ ತಾಗಿತು. ಅದರ ಹಿಂದೆಯೇ, ಮೈಯೆಲ್ಲ ಮಣ್ಣಾಗಿ, ಪ್ರವೀತ್.

"ಹಲಸಿನ ಬೇರು ಇಳಿದು ಮಣ್ಣು ಕುಸಿದಿತ್ತು. ತೆಗೆದ ಕೂಡ್ಲೇ ನೀರು ನುಗ್ಗಿ ಬತ್ತಿ ನಂದಿತು. ನಾನು ಎಂತದೂ ಮಾಡಿರ್ಲಿಲ್ಲ."

ನಾಚಿಕೆಯಿಂದ ಅವಳ ತಲೆ ತಗ್ಗಿತು.

"ನಿಮ್ಮಮ್ಮನ ಹತ್ರ ನಾನೇ ಬಂದು ತಪ್ಪಾಯ್ತು ಅಂತೇನೆ. ನಾಳೆಯೇ ನಿಮ್ಮನೆಗೆ ಪೈಪು ಹಾಕುವ."

"ನಿಮ್ಮಪ್ಪ?"

"ಅವರ ಹತ್ರ ಜಗಳ ನಾನು ಮಾಡ್ತೇನೆ. ನನಗೆ ಜಗಳ ಬರ್ತದೆ, ನಿಮಗೆ ಗೊತ್ತುಂಟಲ್ಲ."

ಅವನು ಮೊದಲ ಸಲ ನಕ್ಕ. ಅವಳು ನಗಲಿಲ್ಲ.

"ಬತ್ತಿ ಆರಿದಾಗ ನನಗೆ ನೀರಿನ ನೆನಪೇ ಬರ್ಲಿಲ್ಲ, ಪ್ರವೀತ್... ನೀವು ಮಾತ್ರ ಬೇಕಿತ್ತು. ನಾನು ಕೂಗಿದ್ದು ಕೇಳ್ಲಿಲ್ವಾ?"

"ಕೇಳಿತ್ತು. ಇನ್ನೊಂದು ಸಲ ಕರೀತೀರೋ ಅಂತ ಸುಮ್ಮನಿದ್ದೆ."

ಸೌದಾಮಿನಿ ಅವನ ಮಣ್ಣು ಮೆತ್ತಿದ ಕೈಯನ್ನು ಗಟ್ಟಿಯಾಗಿ ಹಿಡಿದಳು.

"ಇನ್ನು ಹಾಗೆ ಮಾಡಿದ್ರೆ ಸುರಂಗವನ್ನು ನಾನೇ ಮುಚ್ಚಿಬಿಡ್ತೇನೆ."